ನಿದ್ದೆಗೆಟ್ಟ ನಿರೂಪಕರು, ನಂಬಲಾಗದ ಕಿವಿಗಳು: ಭಯಾನಕ ಧ್ವನಿಕಥೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಯಾನಕ ಧ್ವನಿಕಥೆಗಳನ್ನು ಬರೆಯುವವರು, ಅವಕ್ಕೆ ದನಿ ಕೊಡುವವರು, ಸಂಕಲನ ಮಾಡುವವರು ಮತ್ತು ದೀಪ ಆರಿಸಿ ಮಲಗಿ ಅವನ್ನು ಕೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ನಿದ್ರಾವಿಜ್ಞಾನದಲ್ಲಿದೆ, ಕೆಲವಕ್ಕೆ ಮೈಕ್ ಇಡುವ ಜಾಗದಲ್ಲಿದೆ. ಅಭಿರುಚಿಯ ಪ್ರಶ್ನೆ ಬಂದಲ್ಲಿ ನನ್ನ ನಿಲುವನ್ನೇ ಹೇಳಿದ್ದೇನೆ.

ಈ ಬಗೆಯ ಕಥೆಗಳಲ್ಲಿ ಇಷ್ಟೊಂದು ಜನಕ್ಕೆ ನಿದ್ದೆ ಬಾರದಿರುವುದೇಕೆ?

ಮೇಲ್ನೋಟದ ಕಾರಣ ಸುಲಭವಾದದ್ದು. ನಿದ್ದೆ ಬಾರದವರು ರಾತ್ರಿಯೆಲ್ಲ ಒಬ್ಬರೇ ಎದ್ದಿರುತ್ತಾರೆ, ಮಾತಿಗೆ ಯಾರೂ ಸಿಗುವುದಿಲ್ಲ, ಹಾಗಾಗಿ ರೆಕಾರ್ಡರ್ ಮುಂದೆ ಮಾತಾಡುವುದು ಸಹಜವಾಗಿ ಕಾಣುತ್ತದೆ. 'ಈ ಮನುಷ್ಯ ಒಬ್ಬನೇ ಇದ್ದರೂ ಯಾಕೆ ಗಟ್ಟಿಯಾಗಿ ಮಾತಾಡುತ್ತಿದ್ದಾನೆ?' ಎಂಬುದು ಧ್ವನಿಕಥೆ ಬರೆಯುವವರನ್ನು ಸದಾ ಕಾಡುವ ತೊಡಕು. ಅದು ಒಂದೇ ಏಟಿಗೆ ಬಗೆಹರಿಯುತ್ತದೆ.

ಆಳದ ಕಾರಣ ಬೇರೆ. ಕಿವಿಯೊಂದನ್ನೇ ನೆಚ್ಚಿಕೊಂಡ ಮಾಧ್ಯಮದಲ್ಲಿ ಎರಡನೆಯ ಸಾಕ್ಷಿ ಸಿಗುವುದು ಕಷ್ಟ. ಸಿನಿಮಾದಲ್ಲಿ ಪಾತ್ರವೊಂದು 'ಅಲ್ಲಿ ಯಾರೋ ನಿಂತಿದ್ದಾರೆ' ಎಂದರೆ ಕ್ಯಾಮೆರಾ ಆ ಮೂಲೆಗೆ ತಿರುಗಿ ನಿಜವೋ ಸುಳ್ಳೋ ಹೇಳಿಬಿಡಬಹುದು. ಇಲ್ಲಿ ಕೇಳುಗರಿಗೆ ದಕ್ಕುವುದು ಆ ಮಾತು ಮತ್ತು ಅದರ ಹಿಂದಿನ ಕೋಣೆಯ ಸದ್ದು ಮಾತ್ರ. ರೇಡಿಯೊಗೆಂದೇ ಬರೆದ ಮೊದಮೊದಲ ನಾಟಕಗಳಲ್ಲಿ ಒಂದಾದ, ರಿಚರ್ಡ್ ಹ್ಯೂಸ್ ಅವರ 'ಡೇಂಜರ್' 1924ರ ಜನವರಿಯಲ್ಲಿ ಬಿಬಿಸಿಯಿಂದ ಪ್ರಸಾರವಾಯಿತು. ಅದು ನಡೆಯುವುದು ದೀಪಗಳು ಆರಿಹೋದ ಕಲ್ಲಿದ್ದಲ ಗಣಿಯೊಳಗೆ. ಪಾತ್ರಗಳು ಇರುವ ಕತ್ತಲೂ ಕೇಳುಗರು ಇರುವ ಕತ್ತಲೂ ಒಂದೇ ಆಗಿಬಿಟ್ಟಿತು. ನಿದ್ದೆಗೆಟ್ಟ ನಿರೂಪಕರ ಕಥೆ ಅಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದೆ ಇಡುತ್ತದೆ: ಕತ್ತಲಲ್ಲಿ ನಮಗೆ ದಾರಿ ಹೇಳುತ್ತಿರುವವರ ಕಣ್ಣು, ಕಿವಿಗಳೇ ನೆಟ್ಟಗಿಲ್ಲ.

ನಂಬಲಾಗದ ನಿರೂಪಕ ಎಂದರೆ ಸುಳ್ಳುಗಾರ ಎಂದೇ ಅರ್ಥವೇ?

ಅಲ್ಲ. ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಈ ಪರಿಕಲ್ಪನೆಗೆ ಹೆಸರು ಕೊಟ್ಟರು. ಅದರಡಿಯಲ್ಲಿ ಬೇಕೆಂದೇ ಮರೆಮಾಚುವವರೂ ಬರುತ್ತಾರೆ, ತಮಗೆ ತೋಚಿದ್ದನ್ನು ನಿಜವೆಂದೇ ನಂಬಿ ಹೇಳುವವರೂ ಬರುತ್ತಾರೆ. ನಿದ್ದೆಗೆಟ್ಟವರು ಎರಡನೆಯ ಗುಂಪಿನವರು. ಸುಳ್ಳುಗಾರನ ಮೇಲೆ ಕೇಳುಗರಿಗೆ ಸಿಟ್ಟು ಬರುತ್ತದೆ. ಪ್ರಾಮಾಣಿಕವಾಗಿ ತಪ್ಪು ಹೇಳುತ್ತಿರುವವರ ಬಗ್ಗೆ ಮರುಕ ಹುಟ್ಟುತ್ತದೆ, ಆ ಮರುಕದ ಜೊತೆಗೇ ಭಯವೂ ಬರುತ್ತದೆ. ಈ ಪ್ರಕಾರದ ಶಕ್ತಿಯೆಲ್ಲ ಇರುವುದು ಅಲ್ಲೇ ಎಂದು ನಾನು ನಂಬಿದ್ದೇನೆ.

ನಿಜಕ್ಕೂ ದಿನಗಟ್ಟಲೆ ನಿದ್ದೆಯಿಲ್ಲದಿದ್ದರೆ ಏನೇನಾಗುತ್ತದೆ?

ಇದಕ್ಕೆ ಸಾಕಷ್ಟು ಸ್ಪಷ್ಟ ಉತ್ತರವಿದೆ. 2018ರಲ್ಲಿ ಫ್ಲೇವಿ ವಾಟರ್ಸ್ ಮತ್ತು ಸಹೋದ್ಯೋಗಿಗಳು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಒಂದು ವಿಮರ್ಶಾ ಲೇಖನ ಪ್ರಕಟಿಸಿದರು. ಸತತ ಎಚ್ಚರದ 24ರಿಂದ 48 ಗಂಟೆಗಳ ನಡುವೆ ನೋಟ ವಕ್ರವಾಗತೊಡಗುತ್ತದೆ, ಸಿಡುಕು, ಆತಂಕ ಕಾಣಿಸಿಕೊಳ್ಳುತ್ತದೆ, ಹೊತ್ತಿನ ಅಂದಾಜು ತಪ್ಪುತ್ತದೆ, ತಾನು ತಾನಲ್ಲವೇನೋ ಎನಿಸುತ್ತದೆ. 48ರಿಂದ 90 ಗಂಟೆಗಳ ನಡುವೆ ಜಟಿಲವಾದ ಭ್ರಮೆಗಳು ಮತ್ತು ಯೋಚನೆಯ ಗೊಂದಲ. 72 ಗಂಟೆ ದಾಟಿದ ಮೇಲೆ ಇಲ್ಲದ್ದನ್ನು ಗಟ್ಟಿಯಾಗಿ ನಂಬುವ ಸ್ಥಿತಿ.

ಕಥೆಗಾರರು ಗಮನಿಸಬೇಕಾದ ಒಂದು ಸಂಗತಿ ಇದರಲ್ಲಿದೆ. ಈ ಭ್ರಮೆಗಳಲ್ಲಿ ಹೆಚ್ಚಿನವು ಕಣ್ಣಿಗೆ ಸಂಬಂಧಿಸಿದವು. ಆಮೇಲೆ ಮೈಗೆ ತಾಕಿದಂತಾಗುವ ಭ್ರಮೆಗಳು, ಆಮೇಲೆ ಕಿವಿಯವು. ನಮ್ಮ ಧ್ವನಿಕಥೆಗಳಲ್ಲಿ ಮೊದಲ ರಾತ್ರಿಯೇ ಪಿಸುಮಾತುಗಳು ಶುರುವಾಗುತ್ತವೆ, ಏಕೆಂದರೆ ಪಿಸುಮಾತನ್ನು ಕೇಳಿಸುವುದು ನಮಗೆ ಸುಲಭ. ಆದರೆ ಗೋಡೆಯ ಅಂಚು ಉಸಿರಾಡಿದಂತೆ ಕಂಡಿತು ಎಂದು ನಿರೂಪಕಿ ಹೇಳುವಾಗ ಕೋಣೆ ಪೂರ್ತಿ ಶಾಂತವಾಗಿದ್ದರೆ ಅದು ಹೆಚ್ಚು ನಿಜ, ಹೆಚ್ಚು ಕಂಗೆಡಿಸುವಂಥದ್ದು. ಅವರು ಕಂಡದ್ದನ್ನು ಕಾಣಲು ನಮಗೆ ದಾರಿಯೇ ಇಲ್ಲ.

ನ್ಯೂಯಾರ್ಕಿನ ರೇಡಿಯೊ ನಿರೂಪಕ ಪೀಟರ್ ಟ್ರಿಪ್ ಅವರ ಪ್ರಸಂಗವನ್ನು ಈ ಕ್ಷೇತ್ರದವರೆಲ್ಲ ತಿಳಿದಿರಬೇಕು. 1959ರ ಜನವರಿಯಲ್ಲಿ ಅವರು ದೇಣಿಗೆ ಸಂಗ್ರಹಕ್ಕಾಗಿ ಟೈಮ್ಸ್ ಸ್ಕ್ವೇರಿನ ಗಾಜಿನ ಕೋಣೆಯಲ್ಲಿ ಕುಳಿತು 201 ಗಂಟೆ ಎಚ್ಚರವಿದ್ದರು. ಬೂಟಿನೊಳಗೆ ಜೇಡರ ಬಲೆ ಕಂಡಿತು. ಕೊನೆಯ ಹೊತ್ತಿಗೆ, ಪರೀಕ್ಷಿಸಲು ಬಂದ ವೈದ್ಯರು ತನ್ನನ್ನು ಹೂಳಲು ಬಂದವರೆಂದು ಬಗೆದು ಟ್ರಿಪ್ ಓಡಿದರು. ಇಷ್ಟಾದರೂ ದಿನದ ಪ್ರಸಾರದ ಹೊತ್ತು ಬಂದರೆ ಸಾವರಿಸಿಕೊಂಡು ಕಾರ್ಯಕ್ರಮ ನಡೆಸಿಕೊಡುತ್ತಿದ್ದರು. ಕೊನೆಯ ಭಾಗದಲ್ಲಿ ಅವರಿಗೆ ಉತ್ತೇಜಕ ಔಷಧ ಕೊಟ್ಟಿದ್ದರಿಂದ ಎಲ್ಲವನ್ನೂ ನಿದ್ದೆಗೇಡಿನ ಲೆಕ್ಕಕ್ಕೇ ಹಾಕುವಂತಿಲ್ಲ. ಆದರೂ ಯೋಚಿಸಿ: ಕೇಳುಗರ ಕಿವಿಗೆ ಬೀಳುತ್ತಿದ್ದದ್ದು ಎಂದಿನ ಲವಲವಿಕೆಯ ದನಿ, ಗಾಜಿನ ಹಿಂದೆ ನಡೆಯುತ್ತಿದ್ದದ್ದು ಬೇರೆಯೇ. ಈ ಅಂತರವನ್ನು ಇಟ್ಟುಕೊಂಡೇ ಒಂದು ಇಡೀ ಧ್ವನಿಸರಣಿ ಬರೆಯಬಹುದು.

ಹಾಗಾದರೆ ನಿದ್ರಾಹೀನತೆಯೂ ಹಟ ಹಿಡಿದು ಎಚ್ಚರವಿರುವುದೂ ಒಂದೇ ಅಲ್ಲವೇ?

ಒಂದೇ ಅಲ್ಲ. ಬಹಳ ಕಥೆಗಳು ಎಡವುವುದು ಇಲ್ಲೇ. ಮೇಲೆ ಹೇಳಿದ್ದೆಲ್ಲ ನಿದ್ದೆಯನ್ನು ಪೂರ್ತಿ ಬಿಟ್ಟವರ ಕಥೆ. ನಿದ್ರಾಹೀನತೆ ಎಂಬ ಕಾಯಿಲೆಯಲ್ಲಿ ಹಾಸಿಗೆಯಿದೆ, ಹೊತ್ತಿದೆ, ಕತ್ತಲಿದೆ, ಆದರೂ ಕಣ್ಣಿಗೆ ನಿದ್ದೆ ಹತ್ತುವುದಿಲ್ಲ, ಹತ್ತಿದರೂ ನಿಲ್ಲುವುದಿಲ್ಲ. ವಾರದಲ್ಲಿ ಮೂರು ರಾತ್ರಿಯಾದರೂ ಹೀಗಾಗಿ, ಅದು ಮೂರು ತಿಂಗಳಾದರೂ ಮುಂದುವರಿದು, ಹಗಲಿನ ಬದುಕಿಗೂ ತೊಂದರೆಯಾದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಇಂಥವರು ಸ್ವಲ್ಪವಾದರೂ ಮಲಗುತ್ತಾರೆ, ಹಾಗಾಗಿ ಅವರಿಗೆ ಮೇಲೆ ಹೇಳಿದಂಥ ಉನ್ಮಾದ ಬರುವುದಿಲ್ಲ.

ಅವರಿಗೆ ಆಗುವುದು ಇನ್ನೂ ಸೂಕ್ಷ್ಮವಾದದ್ದು, ಮತ್ತು ಕಥೆಗಾರರಿಗೆ ಇನ್ನೂ ಬೆಲೆಯುಳ್ಳದ್ದು. ಗಂಟೆಗಟ್ಟಲೆ ನಿದ್ದೆ ಮಾಡಿದ್ದರೂ 'ಒಂದು ಕ್ಷಣವೂ ಕಣ್ಣು ಮುಚ್ಚಲಿಲ್ಲ' ಎಂದು ಮನಸ್ಸಾರೆ ಹೇಳುವವರಿದ್ದಾರೆ. ಪ್ರಯೋಗಾಲಯದ ಯಂತ್ರಗಳು ಅವರ ಮಿದುಳು ನಿದ್ದೆಯಲ್ಲಿತ್ತು ಎಂದು ತೋರಿಸುತ್ತವೆ, ಅವರ ಅನುಭವ ಇಡೀ ರಾತ್ರಿ ಎಚ್ಚರವಿದ್ದೆ ಎನ್ನುತ್ತದೆ. ಅವರು ನಟಿಸುತ್ತಿಲ್ಲ. ತಾನು ಎಚ್ಚರವಿದ್ದೆನೋ ಇಲ್ಲವೋ ಎಂಬ ಅತಿ ಸರಳ ವಿಷಯದಲ್ಲೇ ಮನುಷ್ಯನ ಸಾಕ್ಷ್ಯ ಕೈಕೊಡಬಲ್ಲದು.

ಈಗ ಇದನ್ನು ರೆಕಾರ್ಡರ್ ಪಕ್ಕಕ್ಕೆ ಇಟ್ಟು ನೋಡಿ. ಒಬ್ಬರು ರಾತ್ರಿಯೆಲ್ಲ ಯಂತ್ರ ಓಡಲು ಬಿಟ್ಟು ಮಲಗುತ್ತಾರೆ. ಬೆಳಗ್ಗೆ 'ಎಂದಿನಂತೆ ನಿದ್ದೆಯಿಲ್ಲ, ಸುಮ್ಮನೆ ಚಾವಣಿ ನೋಡುತ್ತ ಬಿದ್ದಿದ್ದೆ' ಎಂದು ದಾಖಲಿಸುತ್ತಾರೆ. ಆಮೇಲೆ ರಾತ್ರಿಯ ಧ್ವನಿಮುದ್ರಣ ಕೇಳಿದರೆ ಅದರಲ್ಲಿ ಎರಡು ಗಂಟೆ ಕಾಲ ಗಾಢ ನಿದ್ದೆಯ ನಿಧಾನ ಉಸಿರಾಟವಿದೆ. ಅದು ತನ್ನ ಉಸಿರಲ್ಲ ಎಂದು ಅವರಿಗೆ ಖಚಿತ. ದೆವ್ವ ಬಂದಿರಬೇಕಾಗಿಯೂ ಇಲ್ಲ, ಬರದಿರಬೇಕಾಗಿಯೂ ಇಲ್ಲ.

ನಿರೂಪಕರಿಗೆ ಕೇಳಿಸಿದ್ದನ್ನು ಕೇಳುಗರಿಗೂ ಕೇಳಿಸಬೇಕೇ?

ಬರೆಯಲು ಕೂರುವ ಮೊದಲೇ ತೀರ್ಮಾನಿಸಬೇಕಾದ ಪ್ರಶ್ನೆ ಇದು. ಮೈಕ್ ಕೋಣೆಯಲ್ಲಿದೆಯೋ, ಪಾತ್ರದ ತಲೆಯೊಳಗಿದೆಯೋ?

ಮೈಕ್ ತಲೆಯೊಳಗಿದ್ದರೆ ಪಾತ್ರಕ್ಕೆ ಕೇಳಿಸಿದ್ದೆಲ್ಲ ನಮಗೂ ಕೇಳಿಸುತ್ತದೆ. ನಾವೂ ಅವರ ಜೊತೆ ದಾರಿ ತಪ್ಪುತ್ತೇವೆ. ಮೈಕ್ ಕೋಣೆಯಲ್ಲಿದ್ದರೆ ಅದು ನಿರ್ಲಿಪ್ತ ಸಾಕ್ಷಿ. ಪಾತ್ರ ಹೇಳುವುದಕ್ಕೂ ನಮಗೆ ಕೇಳಿಸುವುದಕ್ಕೂ ತಾಳೆ ತಪ್ಪಬಹುದು, ಆ ತಾಳೆ ತಪ್ಪುವಲ್ಲೇ ಕಥೆ ಹುಟ್ಟುತ್ತದೆ. ನನ್ನ ಒಲವು ಪೂರ್ತಿಯಾಗಿ ಎರಡನೆಯದರ ಕಡೆಗೆ. ಈ ಮಾಧ್ಯಮದಲ್ಲಿ ಎರಡನೆಯ ಸಾಕ್ಷಿ ಇಲ್ಲ ಎಂದು ಮೊದಲು ಹೇಳಿದೆನಲ್ಲ, ಆ ಕೊರತೆಯನ್ನು ತುಂಬಬಲ್ಲದ್ದು ಕೋಣೆಯ ಸದ್ದೊಂದೇ. ಅದನ್ನು ಬರೀ ಹಿನ್ನೆಲೆಯಾಗಿ ಬಳಸಿ ವ್ಯರ್ಥ ಮಾಡುವುದನ್ನು ಕೇಳಿದಾಗ ಬೇಸರವಾಗುತ್ತದೆ.

ಒಂದು ದೃಶ್ಯ ನೋಡಿ. ಮೂರನೆಯ ರಾತ್ರಿ. ಫ್ಯಾನ್ ತಿರುಗುವ ಸದ್ದು, ದೂರದಲ್ಲೊಂದು ವಾಹನ. ನಿರೂಪಕಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ: 'ಮೇಲಿನ ಮಹಡಿಯಲ್ಲಿ ಮತ್ತೆ ನಡೆದಾಡುತ್ತಿದ್ದಾರೆ. ಇದರಲ್ಲಿ ದಾಖಲಾಗುತ್ತಿರಬೇಕು.' ನಮಗೆ ಹೆಜ್ಜೆ ಕೇಳಿಸುವುದಿಲ್ಲ. ಫ್ಯಾನ್ ಮಾತ್ರ. ಅವರ ಬಗ್ಗೆ ಸಣ್ಣದೊಂದು ಅನುಮಾನ ಮೂಡುತ್ತದೆ. ನಾಲ್ಕನೆಯ ರಾತ್ರಿ ಅವರ ದನಿಯಲ್ಲಿ ನಿರಾಳತೆಯಿದೆ: 'ಇವತ್ತು ಯಾರೂ ಇಲ್ಲ. ಪೂರ್ತಿ ಶಾಂತವಾಗಿದೆ.' ಆ ಮಾತಿನ ಅಡಿಯಲ್ಲೇ ಮೂರು ಹೆಜ್ಜೆಗಳ ಸದ್ದು ದಾಖಲಾಗಿದೆ, ಅದೂ ಮೇಲಿನ ಮಹಡಿಯಲ್ಲಲ್ಲ, ಮೈಕಿನ ಹತ್ತಿರ. ಅವರು ಗಮನಿಸುವುದಿಲ್ಲ. ಸಂಗೀತ ಬೇಡ, ಚೀರಾಟ ಬೇಡ. ಹೆಜ್ಜೆಗಳನ್ನು ಫ್ಯಾನ್ ಸದ್ದಿಗಿಂತ ತುಸುವೇ ಮೇಲೆ ಇಟ್ಟರೆ ಸಾಕು. ಕೆಲವು ಕೇಳುಗರಿಗೆ ಅದು ತಪ್ಪಿಹೋಗುತ್ತದೆ. ತಪ್ಪಿಹೋಗಲಿ, ಹಿಂದಕ್ಕೆ ಹೋಗಿ ಮತ್ತೆ ಕೇಳುವವರೇ ನಿಮ್ಮ ನಿಜವಾದ ಕೇಳುಗರು.

ಯಾವುದನ್ನು ಆರಿಸಿದರೂ ಅದಕ್ಕೆ ನಿಷ್ಠರಾಗಿರಿ. ಒಂದು ಕಂತಿನಲ್ಲಿ ಮೈಕ್ ಕೋಣೆಯಲ್ಲಿದ್ದು, ಮುಂದಿನದರಲ್ಲಿ ಯಾವ ಸೂಚನೆಯೂ ಇಲ್ಲದೆ ತಲೆಯೊಳಗೆ ಹೊಕ್ಕರೆ ಕೇಳುಗರಿಗೆ ಹೆದರಿಕೆಯಾಗುವುದಿಲ್ಲ, ಸಂಕಲನಕಾರರ ಮೇಲೆ ಅಪನಂಬಿಕೆಯಾಗುತ್ತದೆ. ಗಡಿ ದಾಟಲೇಬೇಕಿದ್ದರೆ ಇಡೀ ಸರಣಿಯಲ್ಲಿ ಒಮ್ಮೆ ದಾಟಿ, ಅದನ್ನೇ ಒಂದು ಘಟನೆಯಾಗಿಸಿ.

ಕೇಳುಗರ ಕಿವಿಯನ್ನೇ ಮೋಸಗೊಳಿಸಲು ಸಾಧ್ಯವೇ?

ಸಾಧ್ಯ. ಹಗ್ಗವನ್ನು ಹಾವೆಂದು ಕಾಣುವುದು ನಮಗೆಲ್ಲ ಗೊತ್ತಿರುವ ಹಳೆಯ ದೃಷ್ಟಾಂತ. ಅಲ್ಲಿ ಹಾವಿಲ್ಲ, ಆದರೆ ಹಗ್ಗವಂತೂ ಇದೆ. ಹಗ್ಗವೇ ಇಲ್ಲದೆ ಹಾವು ಕಂಡರೆ ಅದು ಬೇರೆ ಜಾತಿಯ ಭ್ರಮೆ. ಧ್ವನಿಕಥೆಗಾರರು ಕೇಳುಗರ ಕೈಗೆ ಕೊಡಬೇಕಾದದ್ದು ಹಗ್ಗವನ್ನು.

ಕಿವಿ ತುಂಬ ಚುರುಕಾಗಿ ಖಾಲಿ ಜಾಗಗಳನ್ನು ತುಂಬುತ್ತದೆ. ಮನೋವಿಜ್ಞಾನಿ ರಿಚರ್ಡ್ ವಾರನ್ 1970ರಲ್ಲಿ ಧ್ವನಿಮುದ್ರಿತ ವಾಕ್ಯವೊಂದರಿಂದ ಒಂದು ಅಕ್ಷರದ ಸದ್ದನ್ನು ಕತ್ತರಿಸಿ ತೆಗೆದು ಆ ಜಾಗದಲ್ಲಿ ಕೆಮ್ಮನ್ನು ಸೇರಿಸಿದರು. ಕೇಳಿದವರಿಗೆ ವಾಕ್ಯ ಇಡಿಯಾಗಿಯೇ ಕೇಳಿಸಿತು. ಕೆಮ್ಮು ಯಾವ ಜಾಗದಲ್ಲಿ ಬಂತೆಂದು ಕೂಡ ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ. ಗಮನಿಸಿ, ಆ ಜಾಗದಲ್ಲಿ ಬರಿಯ ಮೌನ ಬಿಟ್ಟರೆ ಮೋಸ ಬಯಲಾಗುತ್ತದೆ. ಸದ್ದಿನಿಂದ ಮುಚ್ಚಿದಾಗಲೇ ಮಿದುಳು ತಾನಾಗಿ ಅಕ್ಷರವನ್ನು ಒದಗಿಸುತ್ತದೆ. ಫ್ಯಾನ್, ಮಳೆ, ಹರಿಯುವ ನೀರಿನಂಥ ಏಕತಾನದ ಸದ್ದಿನಲ್ಲಿ ಮಾತು ಕೇಳಿಸಿದಂತಾಗುವುದೂ ಇದೇ ಸ್ವಭಾವದ ಇನ್ನೊಂದು ಮುಖ.

ಬಳಕೆ ಹೀಗೆ: ಮಳೆಯ ಸದ್ದಿನೊಳಗೆ ತೀರಾ ಅಸ್ಪಷ್ಟವಾಗಿ, ಮಾತಿನ ಏರಿಳಿತ ಮಾತ್ರ ಉಳಿಯುವಂತೆ ಒಂದು ತುಣುಕನ್ನು ಹುದುಗಿಸಿ. ಮೊದಲ ಸಲ ಕೇಳಿದಾಗ ಏನೂ ತಿಳಿಯಬಾರದು. ಆಮೇಲೆ ನಿರೂಪಕ ಹೇಳಲಿ: '"ಬಾಗಿಲು ತೆಗೆ" ಎನ್ನುತ್ತಿದೆ, ಇನ್ನೊಮ್ಮೆ ಹಾಕುತ್ತೇನೆ, ಕೇಳಿ.' ಎರಡನೆಯ ಸಲ ಹೆಚ್ಚಿನವರಿಗೆ 'ಬಾಗಿಲು ತೆಗೆ' ಎಂದೇ ಕೇಳಿಸುತ್ತದೆ, ಆಮೇಲೆ ಅದನ್ನು ಕೇಳಿಸದಂತೆ ಮಾಡಿಕೊಳ್ಳಲು ಆಗುವುದಿಲ್ಲ. ಎರಡು ಕಂತು ಬಿಟ್ಟು ಇನ್ನೊಂದು ಪಾತ್ರ ಅದೇ ತುಣುಕನ್ನು ಕೇಳಿ ಪೂರ್ತಿ ಬೇರೆ ಮಾತನ್ನು ಹೇಳಿದರೆ ಏನಾದೀತು ಎಂದು ಊಹಿಸಿ. ಆಗ ನಂಬಲಾಗದವರು ನಿರೂಪಕರಷ್ಟೇ ಅಲ್ಲ, ಕೇಳುತ್ತಿರುವ ನಾವೂ.

ಕ್ಷಣಕಾಲದ ತೂಕಡಿಕೆಯನ್ನು ಧ್ವನಿಯಲ್ಲಿ ತೋರಿಸುವುದು ಹೇಗೆ?

ನಿದ್ದೆಗೆಟ್ಟವರಿಗೆ ಕೆಲವೇ ಸೆಕೆಂಡುಗಳ ನಿದ್ದೆ ಕಣ್ಣು ತೆರೆದಿರುವಾಗಲೂ ಬಂದು ಹೋಗುತ್ತದೆ, ಬಂದದ್ದು ಅವರಿಗೆ ತಿಳಿಯುವುದಿಲ್ಲ. ಇದನ್ನು ತೋರಿಸಲು ಸಂಕಲನದಲ್ಲಿ ಮಾತನ್ನು ಕತ್ತರಿಸಬೇಡಿ. ಕತ್ತರಿಸಿದರೆ ಆ ಹೊತ್ತು ನಮ್ಮಿಂದಲೂ ಕಳೆದುಹೋಗುತ್ತದೆ. ಬದಲಿಗೆ ಹೊತ್ತನ್ನು ಹಾಗೇ ಬಿಡಿ. ನಿರೂಪಕ ಒಂದು ಹಳೆಯ ಪತ್ರ ಓದುತ್ತಿದ್ದಾನೆ, ಪದದ ನಡುವೆಯೇ ನಿಲ್ಲುತ್ತಾನೆ. ಗಡಿಯಾರ ಐದು ಸಲ ಟಿಕ್ ಎನ್ನುತ್ತದೆ. ಆ ಐದು ಸೆಕೆಂಡಿನಲ್ಲಿ ಎಲ್ಲೋ ಒಂದು ಚಿಲಕ ಸರಿದ ಸದ್ದು. ಅವನು ಪದದ ಉಳಿದರ್ಧದಿಂದ ಓದು ಮುಂದುವರಿಸುತ್ತಾನೆ, ಏನೂ ಆಗಿಲ್ಲವೆಂಬಂತೆ. ಚಿಲಕದ ವಿಷಯ ಈಗ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಹೇಳಲು ನಮಗೆ ದಾರಿಯಿಲ್ಲ.

ನಿದ್ರಾ ಪಾರ್ಶ್ವವಾಯುವಿನ ದೃಶ್ಯ ಬರೆಯುವಾಗ ಏನು ಗಮನಿಸಬೇಕು?

ಕನಸು ಕಾಣುವ ಹಂತದಲ್ಲಿ ಮೈಯ ಸ್ನಾಯುಗಳು ನಿಷ್ಕ್ರಿಯವಾಗಿರುತ್ತವೆ. ಎಚ್ಚರ ಮರಳಿದರೂ ಆ ನಿಷ್ಕ್ರಿಯತೆ ತುಸು ಹೊತ್ತು ಉಳಿದುಬಿಟ್ಟರೆ ಕೈಕಾಲು ಆಡುವುದಿಲ್ಲ, ಎದೆಯ ಮೇಲೆ ಭಾರ ಕೂತಂತೆ, ಕೋಣೆಯಲ್ಲಿ ಯಾರೋ ಇದ್ದಂತೆ ಅನಿಸುತ್ತದೆ. ಧ್ವನಿಕಥೆಗೆ ಇಲ್ಲೊಂದು ದೊಡ್ಡ ಅಡ್ಡಿಯಿದೆ: ಆ ಸ್ಥಿತಿಯಲ್ಲಿರುವವರು ಮಾತಾಡಲಾರರು. 'ನನಗೆ ಅಲುಗಾಡಲಾಗುತ್ತಿಲ್ಲ' ಎಂದು ಪಾತ್ರ ನೇರವಾಗಿ ಹೇಳಿದ ಕೂಡಲೇ ದೃಶ್ಯ ಸುಳ್ಳಾಗುತ್ತದೆ. ಉಳಿಯುವುದು ಉಸಿರು ಮಾತ್ರ. ಉಸಿರಿನ ವೇಗವೊಂದರಿಂದಲೇ ದೃಶ್ಯ ಕಟ್ಟಬಲ್ಲ ನಟರು ಸಿಕ್ಕರೆ ಕಟ್ಟಿಸಿ, ಇಲ್ಲದಿದ್ದರೆ ಬೆಳಗ್ಗೆ ನೆನಪಿನಿಂದ ಹೇಳಿಸಿ.

ದಣಿದ ದನಿಯನ್ನು ಅಭಿನಯಿಸುವುದು ಹೇಗೆ?

ಆಕಳಿಕೆ, ನಿಟ್ಟುಸಿರು ಬೇಡ. ನಿದ್ದೆಗೆಟ್ಟವರ ಮಾತಿನಲ್ಲಿ ಏರಿಳಿತ ತಗ್ಗಿ ದನಿ ಸಮತಟ್ಟಾಗುತ್ತದೆ, ಬೇಕಾದ ಪದ ತಕ್ಷಣ ಸಿಗುವುದಿಲ್ಲ, ಒಂದೇ ಪದ ಮತ್ತೆ ಮತ್ತೆ ಬರುತ್ತದೆ. ಅತಿ ಭೀಕರವಾದದ್ದನ್ನು ಅದೇ ಸಮತಟ್ಟು ದನಿಯಲ್ಲಿ ಹೇಳಿಸಿ ನೋಡಿ.

ಬೈನಾರಲ್ ಧ್ವನಿಮುದ್ರಣ ಅಗತ್ಯವೇ?

ಅಗತ್ಯವಿಲ್ಲ, ಆದರೆ ಗೊತ್ತಿದ್ದು ಬಳಸಿದರೆ ಒಳ್ಳೆಯ ಸಾಧನ. ಕೃತಕ ತಲೆಯ ಎರಡು ಕಿವಿಗಳಲ್ಲಿ ಮೈಕ್ ಇಟ್ಟು ಮುದ್ರಿಸುವ ಈ ವಿಧಾನದಲ್ಲಿ ರೇಡಿಯೊ ನಾಟಕ ಪ್ರಸಾರವಾಗಿ ಅರ್ಧ ಶತಮಾನವೇ ಕಳೆದಿದೆ. 1973ರಲ್ಲಿ ಬರ್ಲಿನ್ನಿನಲ್ಲಿ ಅದು ನಡೆಯಿತು. ಹೆಡ್‌ಫೋನಿನಲ್ಲಿ ಕೇಳಿದರೆ ಸದ್ದು ತಲೆಯ ಹೊರಗೆ, ನಿರ್ದಿಷ್ಟ ದಿಕ್ಕಿನಲ್ಲಿ ಇರುವಂತೆ ಭಾಸವಾಗುತ್ತದೆ. ಎರಡೂ ಕಿವಿಗೆ ಒಂದೇ ಸದ್ದು ಹೋಗುವ ಸಾಮಾನ್ಯ ಮೊನೊ ದನಿಯಾದರೆ ತಲೆಯ ನಟ್ಟನಡುವೆ ಕೇಳಿಸುತ್ತದೆ. ಈ ಎರಡರ ವ್ಯತ್ಯಾಸವೇ ಕಥೆಯ ಭಾಷೆಯಾಗಬಹುದು: ಕೋಣೆಯ ಸದ್ದುಗಳು ಹೊರಗೆ, ನಿರೂಪಕಿಯ ದನಿ ಒಳಗೆ. ಒಂದು ದಿನ ಅವರದೇ ದನಿ ಹೊರಗಿನಿಂದ, ಬೆನ್ನ ಹಿಂದಿನಿಂದ ಬಂದರೆ ಏನೂ ವಿವರಿಸಬೇಕಿಲ್ಲ. ಸ್ಪೀಕರಿನಲ್ಲಿ ಕೇಳುವವರಿಗೆ ಇದು ದಕ್ಕುವುದಿಲ್ಲ ಎಂಬುದು ನೆನಪಿರಲಿ, ಕಥೆಯ ಮುಖ್ಯ ಸುಳಿವನ್ನು ಇದರ ಮೇಲೆಯೇ ನಿಲ್ಲಿಸಬೇಡಿ.

ರಷ್ಯಾದ ನಿದ್ದೆ ಪ್ರಯೋಗದ ಕಥೆ ನಿಜವೇ? ನಿದ್ದೆಯಿಲ್ಲದೆ ಸಾಯುವ ಕಾಯಿಲೆ ಇದೆಯಂತಲ್ಲ?

ಮೊದಲನೆಯದು ಕಟ್ಟುಕಥೆ. ಕೈದಿಗಳನ್ನು ದಿನಗಟ್ಟಲೆ ನಿದ್ದೆಗೆಡಿಸಿದರೆಂದು ಹೇಳುವ, 2010ರ ಸುಮಾರಿಗೆ ಅಂತರಜಾಲದಲ್ಲಿ ಹರಡಿದ ಭಯಾನಕ ಕಥೆಯದು, ಅಂಥ ಪ್ರಯೋಗ ನಡೆದಿಲ್ಲ. ಎರಡನೆಯದು ನಿಜ. ಫೇಟಲ್ ಫ್ಯಾಮಿಲಿಯಲ್ ಇನ್ಸೋಮ್ನಿಯಾ ಎಂಬುದು ಪ್ರಿಯಾನ್ ಎಂಬ ಪ್ರೋಟೀನಿನ ದೋಷದಿಂದ ಬರುವ, ವಂಶವಾಹಿಯ ಮೂಲಕ ಸಾಗುವ, ಅತ್ಯಂತ ಅಪರೂಪದ ಮಾರಕ ಕಾಯಿಲೆ. ಸಾಮಾನ್ಯ ನಿದ್ರಾಹೀನತೆ ಬೆಳೆದು ಅದಾಗುವುದಿಲ್ಲ. ನಿಮ್ಮ ಕಥೆ ಕೇಳುವವರಲ್ಲಿ ನಿದ್ದೆ ಬಾರದ ಜನ ಬಹಳವಿರುತ್ತಾರೆ. ಅವರ ತಲೆಗೆ ಈ ಹುಳ ಬಿಡುವುದು ತಪ್ಪು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಕೊನೆಯಲ್ಲಿ ಎಲ್ಲವೂ ಭ್ರಮೆ ಎಂದು ಬಿಚ್ಚಿಡಬೇಕೇ?

ಬೇಡ. ಕೇಳುಗರು ಗಂಟೆಗಟ್ಟಲೆ ಕೊಟ್ಟ ನಂಬಿಕೆಯನ್ನು ಒಂದು ವಾಕ್ಯದಲ್ಲಿ ಅಳಿಸಿಹಾಕಿದಂತಾಗುತ್ತದೆ. ಎಲ್ಲವೂ ನಿಜ ಎಂದು ಬಿಚ್ಚಿಟ್ಟರೂ ನಷ್ಟವೇ, ಆಗ ನಿದ್ದೆಗೇಡು ಬರಿಯ ಅಲಂಕಾರವಾಗುತ್ತದೆ. ಆದರೆ ಬರೆಯುವವರಿಗೆ ಮಾತ್ರ ಉತ್ತರ ಗೊತ್ತಿರಲೇಬೇಕು. ಯಾವ ಸದ್ದು ನಿಜವಾಗಿ ಆಯಿತು, ಯಾವುದು ಆಗಲಿಲ್ಲ ಎಂಬ ಪಟ್ಟಿ ಬರಹಗಾರರ ಬಳಿ, ಸಂಕಲನಕಾರರ ಬಳಿ ಒಂದೇ ತೆರನಾಗಿ ಇರಬೇಕು. ಅಸ್ಪಷ್ಟತೆಯನ್ನು ಖಚಿತವಾಗಿ ಕಟ್ಟಬೇಕಾಗುತ್ತದೆ. ಬರಹಗಾರರಿಗೇ ಗೊತ್ತಿಲ್ಲದ ಕಡೆ ಸುಳಿವುಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ, ಅದು ಕೇಳುಗರಿಗೆ ಎರಡೇ ಕಂತಿನಲ್ಲಿ ತಿಳಿದುಬಿಡುತ್ತದೆ.

ಮಲಗುವಾಗ ಇಂಥ ಕಥೆ ಕೇಳಬಹುದೇ? ನನಗೂ ನಿದ್ದೆ ಬರುವುದಿಲ್ಲ.

ಕೇಳಿ ಹಾಯಾಗಿ ನಿದ್ದೆ ಹೋಗುವವರೂ ಇದ್ದಾರೆ, ಅವರಿಗೆ ತೊಂದರೆಯಿಲ್ಲ. ನಿಮಗೆ ಈಗಾಗಲೇ ನಿದ್ದೆಯ ತೊಂದರೆಯಿದ್ದರೆ ಕಥೆಯನ್ನು ಸಂಜೆಗೆ ತನ್ನಿ, ಹಾಸಿಗೆಯಿಂದ ದೂರ ಕೂತು ಕೇಳಿ. ತೊಂದರೆ ತಿಂಗಳುಗಟ್ಟಲೆ ಮುಂದುವರಿದಿದ್ದರೆ ವೈದ್ಯರನ್ನು ಕಾಣಿ. ನಿದ್ರಾಹೀನತೆಗೆಂದೇ ರೂಪಿಸಿದ, ನಿದ್ದೆಗೆ ಅಡ್ಡಿಯಾಗುವ ಯೋಚನೆ, ಅಭ್ಯಾಸಗಳನ್ನು ತಿದ್ದುವ ಅರಿವು–ವರ್ತನಾ ಚಿಕಿತ್ಸೆಯನ್ನು ವೈದ್ಯಕೀಯ ಮಾರ್ಗಸೂಚಿಗಳು ಮೊದಲ ಆಯ್ಕೆಯಾಗಿ ಸೂಚಿಸುತ್ತವೆ, ಅದು ಮಾತ್ರೆಯಿಲ್ಲದೆಯೇ ಬಹಳ ಜನಕ್ಕೆ ಫಲ ಕೊಡುತ್ತದೆ. ಹಗಲಿನಲ್ಲೂ ಇಲ್ಲದ್ದು ಕಾಣಿಸಿದರೆ, ಕೇಳಿಸಿದರೆ ತಡಮಾಡಬೇಡಿ.

ಸದ್ದಿನ ಮಟ್ಟವೂ ಮುಖ್ಯ. 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸುರಕ್ಷಿತ ಮಿತಿ. ಪಿಸುಮಾತು ಕೇಳಲೆಂದು ವಾಲ್ಯೂಮ್ ಏರಿಸಿಕೊಂಡವರ ಕಿವಿಗೆ ಹಠಾತ್ತನೆ ಚೀರಾಟ ಸುರಿಯುವುದು ಭಯಾನಕ ಕಲೆಯಲ್ಲ, ಕಿವಿಗೆ ಮಾಡುವ ಅಪಚಾರ. ಸಂಕಲನಕಾರರೇ, ದಯವಿಟ್ಟು ಮಟ್ಟ ಹಿಡಿದಿಡಿ.

ಅನುಭವಕ್ಕಾಗಿ ನಾನೇ ಕೆಲವು ದಿನ ನಿದ್ದೆಗೆಟ್ಟು ಬರೆಯಬೇಕೆಂದಿದ್ದೇನೆ. ಸರಿಯೇ?

ಖಂಡಿತ ಬೇಡ. ಎಚ್ಚರವಿರುವ ದಾಖಲೆಗಳನ್ನು ಗಿನ್ನೆಸ್ ಸಂಸ್ಥೆಯೇ ಅಪಾಯದ ಕಾರಣಕ್ಕೆ ಪರಿಗಣಿಸುವುದನ್ನು ನಿಲ್ಲಿಸಿದೆ. ನಿದ್ದೆಗೆಟ್ಟು ವಾಹನ ಓಡಿಸಿದರೆ ಅಪಾಯ ನಿಮಗಷ್ಟೇ ಅಲ್ಲ. ಅಷ್ಟಕ್ಕೂ ಬೇಕಾದ ಸಾಮಗ್ರಿ ಆರೋಗ್ಯವಂತರಿಗೂ ಸಿಗುತ್ತದೆ. ನಿದ್ದೆಗೆ ಜಾರುವ ಹೊತ್ತಿನಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ, ಬಾಗಿಲು ಬಡಿದಂತೆ, ತುಂಡು ಸಂಭಾಷಣೆ ಕೇಳಿದಂತೆ ಆಗುವುದು ಬಹಳ ಜನರಿಗೆ ಆಗುವಂಥದ್ದೇ. ತಲೆದಿಂಬಿನ ಪಕ್ಕ ಪುಸ್ತಕ ಇಟ್ಟುಕೊಂಡು, ಎಚ್ಚರವಾದ ಕೂಡಲೇ ಕೇಳಿಸಿದ್ದನ್ನು ಇದ್ದಂತೆ ಬರೆದುಕೊಳ್ಳಿ: ಯಾವ ದಿಕ್ಕಿನಿಂದ ಬಂತು, ಯಾರ ದನಿ, ಎಷ್ಟು ಜೋರಾಗಿತ್ತು. ಅರ್ಥ ಹಚ್ಚಲು ಹೋಗಬೇಡಿ. ದನಿ ಕೊಡುವವರಿಗೂ ಸಂಕಲನಕಾರರಿಗೂ ಆ ವಿವರಗಳೇ ಬೇಕಾಗುವುದು.